ಪ್ರಶಸ್ತಿಯ ಕಿವಿ, ನಮ್ಮ ಗಂಟಲು

ದಿಲ್ಲಿ ಸರ್ಕಾರ ಪ್ರತಿ ಸಾಲಿಗೂ ಒಬ್ಬ ಗಂಡಸಿನ ಗಂಟಲನ್ನು ಆರಿಸಿ, ಈ ದೇಶದ ಸಿನಿಮಾಗಳಲ್ಲಿ ಇದಕ್ಕಿಂತ ಚೆನ್ನಾಗಿ ಯಾರೂ ಹಾಡಲಿಲ್ಲ ಎಂದು ಸಾರುತ್ತದೆ. ಅತ್ಯುತ್ತಮ ಹಿನ್ನೆಲೆ ಗಾಯಕ ಎಂಬುದು ಆ ಪ್ರಶಸ್ತಿಯ ಹೆಸರು. 1967ರ ಸಾಲಿನಿಂದ ಇದು ಶುರುವಾಯಿತು. ಹಾಡುವ ಹೆಂಗಸರ ನೆನಪು ಸರ್ಕಾರಕ್ಕೆ ಬಂದದ್ದು ಮರುವರ್ಷ, 1968ಕ್ಕೆ. ಒಂದು ರಜತ ಕಮಲ, ಅದರ ಜೊತೆಗೆ ಒಂದಿಷ್ಟು ಹಣ. ಆ ಹಣ ಈಗ 2 ಲಕ್ಷ ರೂಪಾಯಿ.

ಭೂಮಿ, ಕೂಲಿ, ಕುಡಿಯುವ ನೀರು, ಹೆಣ ಹೂಳುವ ಜಾಗ, ಇವುಗಳ ಬಗ್ಗೆ ಬರೆಯಬೇಕಾದ ಪುಟಗಳಲ್ಲಿ ಸಿನಿಮಾ ಹಾಡುಗಾರರ ಪದಕದ ಮಾತು ಯಾಕೆ ಎಂದು ಗೆಳೆಯರು ಕೇಳಬಹುದು. ಯಾಕೆಂದರೆ ಹಾಡು ನಮ್ಮ ಕಸುಬು. ನೆಲ ಇಲ್ಲದ ನಮಗೆ ಗಂಟಲು ಇತ್ತು. ನಾಟಿಗೆ ಹಾಡಿದವರು ನಾವು, ಕುಟ್ಟುವಾಗ ಬೀಸುವಾಗ ಹಾಡಿದವರು ನಮ್ಮ ಅವ್ವಂದಿರು, ಹೆಣದ ಮುಂದೆ ರಾತ್ರಿಯೆಲ್ಲ ಪದ ಹೇಳಿದವರು ನಮ್ಮ ತಾತಂದಿರು. ತೇರಿನ ಮುಂದೆ ನಮ್ಮ ತಮಟೆ ಹೋಗುತ್ತಿತ್ತು. ಗುಡಿಯ ಹೊಸ್ತಿಲ ಮುಂದೆ ನಮ್ಮ ಕಾಲು ನಿಲ್ಲುತ್ತಿತ್ತು. ಇಂಥವರಿಗೆ 'ಯಾವುದು ಹಾಡು, ಯಾರು ಹಾಡುಗಾರ' ಎಂದು ಸರ್ಕಾರ ತೀರ್ಪು ಕೊಡುವಾಗ ಕೇಳುವ ಹಕ್ಕು ಇದೆ. ಪ್ರಶಸ್ತಿ ಕೊಡುವುದು ಗಂಟಲಿಗೆ. ಆದರೆ ಅದರಿಂದ ತಿಳಿಯುವುದು ಕೊಡುವವರ ಕಿವಿ ಎಂಥದು ಎಂಬುದು.

ನಮ್ಮ ಕಡೆಯ ಹಳ್ಳಿಗಳಿಗೆ ಸಿನಿಮಾ ಬಂದದ್ದು ಟೆಂಟಿನಲ್ಲಿ. ಸುಗ್ಗಿ ಮುಗಿದ ಮೇಲೆ ಹೋಬಳಿ ಊರಿನ ಬಯಲಲ್ಲಿ ಡೇರೆ ಏಳುತ್ತಿತ್ತು. ಸಂಜೆ ಲೌಡ್‌ಸ್ಪೀಕರಿನಲ್ಲಿ ಘಂಟಸಾಲ ಅವರ ತಿರುಪತಿ ತಿಮ್ಮಪ್ಪನ ಹಾಡು ಕೇಳಿತೆಂದರೆ ಟಿಕೇಟು ಶುರು ಎಂದು ಅರ್ಥ. ನಮ್ಮವರು ಹೊಲದಿಂದ ಬಂದ ಕಾಲಲ್ಲೇ, ಬಿಸಿ ಹಿಟ್ಟು ಬಾಯಿಗೆ ಹಾಕಿಕೊಂಡು ಓಡುತ್ತಿದ್ದರು. ನೆಲ, ಬೆಂಚು, ಕುರ್ಚಿ ಎಂದು ದುಡ್ಡಿನ ಮೇಲೆ ಭೇದ ಇತ್ತೇ ಹೊರತು, ಹೋಟೆಲಿನಲ್ಲಿದ್ದ ಹಾಗೆ ಬೇರೆ ಲೋಟದ ಭೇದ ಅಲ್ಲಿ ಇರಲಿಲ್ಲ. ಕತ್ತಲಾದ ಮೇಲೆ ಮರಳ ಮೇಲೆ ಕೂತವರ ಜಾತಿ ಯಾರಿಗೆ ಕಂಡೀತು? ಪಿ. ಬಿ. ಶ್ರೀನಿವಾಸ್ ಅವರ ಮೆತ್ತನೆ ದನಿ ರಾಜಕುಮಾರರ ಬಾಯಿಂದ ಬಂದಾಗ ಗೌಡರ ಮಗನೂ ಜೀತದ ಹುಡುಗನೂ ಒಟ್ಟಿಗೇ ಕಣ್ಣೊರೆಸಿಕೊಳ್ಳುತ್ತಿದ್ದರು. ಬೆಳಕು ಬಂದ ಮೇಲೆ ಮತ್ತೆ ಅವರು ಗೌಡರ ಮಗ, ಇವನು ಜೀತದವನು. ಆ ಮೂರು ಗಂಟೆಯ ಋಣ ನಮಗೆ ಸಿನಿಮಾ ಹಾಡಿನ ಮೇಲಿದೆ. ಅಂದಹಾಗೆ ಘಂಟಸಾಲ ಆಗಲಿ ಪಿ. ಬಿ. ಶ್ರೀನಿವಾಸ್ ಆಗಲಿ ಈ ರಾಷ್ಟ್ರಪ್ರಶಸ್ತಿಯ ಪಟ್ಟಿಯಲ್ಲಿ ಇಲ್ಲ.

ಟೆಂಟಿನಲ್ಲಿ ಕಲಿತ ಹಾಡನ್ನು ಮಾರನೇ ದಿನ ಶಾಲೆಯಲ್ಲಿ ಹಾಡಲು ಹೋದೆವು. ಪ್ರಾರ್ಥನೆಗೆ ಹುಡುಗರನ್ನು ಆರಿಸುತ್ತಿದ್ದ ಮೇಷ್ಟ್ರು ಒಂದು ಸಾಲು ಕೇಳಿ ಕೈ ಎತ್ತಿದರು. "ನಿಮ್ದು ಹೊಲ ಕಾಯೋ ಗಂಟ್ಲು ಕಣ್ರೋ. ಹಿಂದಕ್ಕೆ ಹೋಗಿ ನಿಂತ್ಕಳಿ. ಸುಮ್ನೆ ಬಾಯಾಡ್ಸಿ, ದನಿ ತೆಗೀಬ್ಯಾಡಿ." ಮುಂದಿನ ಸಾಲಿನ ಹುಡುಗರು ಹಾಡಿದರು, ಹಿಂದಿನ ಸಾಲಿನ ಕೇರಿಯ ಹುಡುಗರು ಬಾಯಾಡಿಸಿದೆವು. ಇನ್‌ಸ್ಪೆಕ್ಟರು ಬಂದ ದಿನವೂ ಹಾಗೇ. ಸಿನಿಮಾದಲ್ಲಿ ಬಾಯಾಡಿಸುವವನನ್ನು ಹೀರೋ ಅಂತಾರೆ, ಹಾಡುವವನು ಹಿಂದೆ ಇರುತ್ತಾನೆ. ನಮ್ಮ ಶಾಲೆಯಲ್ಲಿ ಬಾಯಾಡಿಸುವವರೇ ಹಿಂದೆ. ನಮ್ಮ ಗಂಟಲಲ್ಲಿ ಏನು ಕೆಟ್ಟಿದೆ ಎಂದು ನಮಗೆ ತಿಳಿಯಲಿಲ್ಲ. ಚಿಕ್ಕಲ್ಲೂರಿನ ಜಾತ್ರೆಯಲ್ಲಿ ಇದೇ ಗಂಟಲಿನ ನಮ್ಮ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿ ಪದ ಎತ್ತಿದರೆ ಬೆಳ್ಳಿ ಮೂಡುವ ತನಕ ಜನ ಏಳುತ್ತಿರಲಿಲ್ಲ. ಕೆಟ್ಟಿದ್ದು ಗಂಟಲಲ್ಲ, ಕಿವಿ ಎಂದು ತಿಳಿಯಲು ನಮಗೆ ಬಹಳ ವರ್ಷ ಬೇಕಾಯಿತು. ಈ ತಿಳಿವಳಿಕೆ ಇಟ್ಟುಕೊಂಡು ದಿಲ್ಲಿಯ ಪಟ್ಟಿಯನ್ನು ಓದೋಣ.

ಮೊದಲ ಹೆಸರು ಮಹೇಂದ್ರ ಕಪೂರ್. ಸಿನಿಮಾ 'ಉಪಕಾರ್'. ಈ ದೇಶದ ಮಣ್ಣು ಬಂಗಾರ ಬೆಳೆಯುತ್ತದೆ ಎಂದು ನೇಗಿಲು ಹಿಡಿದ ನಾಯಕ ಹಾಡುವ ಹಾಡು ಅದರದು. ಲಾಲ್ ಬಹಾದುರ್ ಶಾಸ್ತ್ರಿಗಳ 'ಜೈ ಜವಾನ್ ಜೈ ಕಿಸಾನ್' ಘೋಷಣೆಯ ಕಾವಿನಲ್ಲಿ ಹುಟ್ಟಿದ ಸಿನಿಮಾ. ಈಗಲೂ ಆಗಸ್ಟ್ ಹದಿನೈದು ಬಂದರೆ ಮೈಕಿನಲ್ಲಿ ಆ ಹಾಡು ಬರುತ್ತದೆ. ದನಿಯೇನೋ ಗಟ್ಟಿ, ಬಯಲಿಗೆ ಹೇಳಿ ಮಾಡಿಸಿದ ದನಿ. ಆದರೆ ಆ ಬಂಗಾರ ಯಾರ ಮನೆಯ ಪೆಟ್ಟಿಗೆಗೆ ಹೋಗುತ್ತದೆ ಎಂಬ ಪ್ರಶ್ನೆ ಆ ಹಾಡಿನಲ್ಲಿ ಇಲ್ಲ. ಉಳುವವನಿಗೆ ಭೂಮಿ ಇಲ್ಲದ ದೇಶದಲ್ಲಿ ಉಳುಮೆಯ ಹಾಡಿಗೆ ಮೊದಲ ಪ್ರಶಸ್ತಿ ಬಂತು. ಮಣ್ಣನ್ನು ಹೊಗಳಿದರೆ ಸರ್ಕಾರಕ್ಕೆ ಸಂತೋಷ. ಮಣ್ಣು ಕೇಳಿದರೆ ಮಾತ್ರ ಲಾಠಿ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. 1967ರಿಂದ 2023ರ ಸಾಲಿನವರೆಗೆ ಕನ್ನಡ ಸಿನಿಮಾದಲ್ಲಿ ಹಾಡಿದ್ದಕ್ಕೆ ನಾಲ್ಕು ಸಲ ಈ ಪ್ರಶಸ್ತಿ ಬಂದಿದೆ. 1975ರಲ್ಲಿ 'ಹಂಸಗೀತೆ'ಗೆ ಎಂ. ಬಾಲಮುರಳಿಕೃಷ್ಣ, 1978ರಲ್ಲಿ 'ಕಾಡು ಕುದುರೆ'ಗೆ ಶಿವಮೊಗ್ಗ ಸುಬ್ಬಣ್ಣ, 1992ರಲ್ಲಿ 'ಜೀವನ ಚೈತ್ರ'ಕ್ಕೆ ರಾಜಕುಮಾರ್, 1995ರಲ್ಲಿ 'ಗಾನಯೋಗಿ ಪಂಚಾಕ್ಷರಿ ಗವಾಯಿ'ಗೆ ಎಸ್. ಪಿ. ಬಾಲಸುಬ್ರಹ್ಮಣ್ಯಂ. ಈ ನಾಲ್ಕರಲ್ಲಿ ಮೂರು ಶಾಸ್ತ್ರೀಯ ರಾಗದ ಹಾಡುಗಳು. ಎರಡು ಸಿನಿಮಾಗಳಂತೂ ಸಂಗೀತ ವಿದ್ವಾಂಸರ ಕತೆಗಳೇ.

1975ನೇ ಇಸವಿಯನ್ನು ನಾವು ಬೇರೆ ಕಾರಣಗಳಿಗೂ ಮರೆಯುವ ಹಾಗಿಲ್ಲ. ಆ ವರ್ಷ ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂತು. ಪುಸ್ತಕವಾಗಿ ಬಂದರೂ ಅದು ಬದುಕಿದ್ದು ಗಂಟಲಿನಲ್ಲಿ. ಜಾಥಾಗಳಲ್ಲಿ, ಹಾಸ್ಟೆಲುಗಳಲ್ಲಿ, ಧರಣಿಗಳಲ್ಲಿ ಶ್ರುತಿಪೆಟ್ಟಿಗೆ ಇಲ್ಲದೆ ನಾವು ಹಾಡಿಕೊಂಡ ಹಾಡುಗಳು ಅವು. ಅದೇ ವರ್ಷ ಬಿ. ವಿ. ಕಾರಂತರ 'ಚೋಮನ ದುಡಿ' ಸಿನಿಮಾ ಬಂದು, ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ ಪಡೆಯಿತು. ಚೋಮನ ಪಾತ್ರ ಮಾಡಿದ ವಾಸುದೇವರಾಯರಿಗೆ ಅತ್ಯುತ್ತಮ ನಟ ಪ್ರಶಸ್ತಿ ಬಂತು. ಒಂದು ತುಂಡು ನೆಲ ಉಳಬೇಕೆಂದು ಆಸೆಪಟ್ಟು, ಹೊಲೆಯನಾದ ಕಾರಣಕ್ಕೆ ಅದು ಸಿಗದೆ, ಸಂಕಟವನ್ನೆಲ್ಲ ದುಡಿಗೆ ಬಾರಿಸಿ ಸತ್ತ ಚೋಮನ ಕತೆ ದಿಲ್ಲಿಯನ್ನು ಮುಟ್ಟಿತು. ಆದರೆ ಅದೇ ಸಾಲಿನಲ್ಲಿ ಹಾಡಿಗೆ ಪ್ರಶಸ್ತಿ ಕೊಡಬೇಕಾಗಿ ಬಂದಾಗ ಅದೇ ಸರ್ಕಾರದ ಪಟ್ಟಿ ಕಛೇರಿಯ ಸಂಗೀತದ ಕಡೆ ತಿರುಗಿತು. ನಮ್ಮ ದುಃಖ ಕತೆಯಾಗಬಹುದು. ನಮ್ಮ ದನಿ ಸಂಗೀತವಾಗಲಾರದು. ಚೋಮನಿಗೆ ಕಣ್ಣೀರು, ದುಡಿಗೆ ಮೌನ.

ಬಾಲಮುರಳಿಯವರ ವಿದ್ವತ್ತಿನ ಬಗ್ಗೆ ನಮಗೆ ಎರಡು ಮಾತಿಲ್ಲ. ದೊಡ್ಡ ಗಂಟಲು, ದೊಡ್ಡ ಬುದ್ಧಿ. ನಮ್ಮ ತಕರಾರು ಅವರ ಮೇಲಲ್ಲ. 'ಹಂಸಗೀತೆ'ಯ ಕತೆಯನ್ನೇ ನೋಡಿ. ತ. ರಾ. ಸು. ಅವರ ಕಾದಂಬರಿಯ ಮೇಲೆ ಜಿ. ವಿ. ಅಯ್ಯರ್ ಮಾಡಿದ ಸಿನಿಮಾ ಅದು. ಚಿತ್ರದುರ್ಗದ ಭೈರವಿ ವೆಂಕಟಸುಬ್ಬಯ್ಯ ಎಂಬ ಗಾಯಕ, ಅರಸೊತ್ತಿಗೆಯ ಆಜ್ಞೆಗೆ ತಲೆಬಾಗಿ ಹಾಡಲಾರೆನೆಂದು ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುತ್ತಾನೆ. ಈ ಸಿನಿಮಾಕ್ಕೆ ಪ್ರಶಸ್ತಿ ಬಂದದ್ದು ಯಾವ ಕಾಲದಲ್ಲಿ? ತುರ್ತು ಪರಿಸ್ಥಿತಿಯಲ್ಲಿ. 1976ರಲ್ಲಿ ಕಿಶೋರ್ ಕುಮಾರ್ ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪಲಿಲ್ಲವೆಂದು ಅವರ ಹಾಡುಗಳನ್ನೇ ಆಕಾಶವಾಣಿ, ದೂರದರ್ಶನಗಳಿಂದ ಎತ್ತಿಹಾಕಿದರು. ಆಜ್ಞೆಗೆ ಹಾಡದ ಗಾಯಕನ ಕತೆಗೆ ಒಂದು ಕೈಯಲ್ಲಿ ಕಮಲ; ಆಜ್ಞೆಗೆ ಹಾಡದ ಬದುಕಿರುವ ಗಾಯಕನಿಗೆ ಇನ್ನೊಂದು ಕೈಯಲ್ಲಿ ಬೀಗ. ಪ್ರಭುತ್ವಕ್ಕೆ ಸತ್ತ ಬಂಡಾಯಗಾರ ಯಾವಾಗಲೂ ಇಷ್ಟ. ಕಿಶೋರ್ ಕುಮಾರ್ 1987ರಲ್ಲಿ ತೀರಿಕೊಂಡರು. ಇಡೀ ದೇಶ ಗುನುಗಿದ ಆ ಗಂಟಲಿಗೆ ಈ ಪ್ರಶಸ್ತಿ ಒಂದು ಸಲವೂ ಬರಲಿಲ್ಲ. ಅವರು ಯಾವ ಗುರುವಿನ ಹತ್ತಿರವೂ ಪಾಠ ಹೇಳಿಸಿಕೊಂಡವರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು.

ಮೂರು ವರ್ಷದ ನಂತರ ಬಂದ 'ಕಾಡು ಕುದುರೆ' ಬೇರೆ ಮಾತು. ಚಂದ್ರಶೇಖರ ಕಂಬಾರರು ತಾವೇ ಬರೆದು, ತಾವೇ ರಾಗ ಹಾಕಿ, ತಾವೇ ನಿರ್ದೇಶಿಸಿದ ಸಿನಿಮಾ. ಕಂಬಾರರು ಬೆಳಗಾವಿ ಸೀಮೆಯ ಘೋಡಗೇರಿಯ ಕಮ್ಮಾರಸಾಲೆಯ ಮನೆಯಿಂದ ಬಂದವರು. ಬಯಲಾಟದ ಗತ್ತು, ಲಾವಣಿಯ ಓಟ, ಉತ್ತರ ಕರ್ನಾಟಕದ ಹಳ್ಳಿಯ ಮಾತು, ಇವೆಲ್ಲ ಆ ಹಾಡಿನಲ್ಲಿ ಇವೆ. ಹಾಡಿದವರು ಮಲೆನಾಡಿನ ಹೊಸನಗರ ತಾಲ್ಲೂಕಿನ ನಗರದಲ್ಲಿ ಹುಟ್ಟಿದ, ಶಿವಮೊಗ್ಗೆಯಲ್ಲಿ ವಕೀಲರಾಗಿದ್ದ ಸುಬ್ಬಣ್ಣ. ಈ ಪ್ರಶಸ್ತಿ ಪಡೆದ ಮೊದಲ ಕನ್ನಡಿಗ ಅವರೇ. ಅವರು ಆ ಹಾಡನ್ನು ಎತ್ತಿಕೊಂಡ ರೀತಿಗೆ ಮೈ ಜುಂ ಎನ್ನುತ್ತದೆ. 2022ರಲ್ಲಿ ಅವರು ತೀರಿಕೊಂಡಾಗ ಕನ್ನಡದ ಜನ ಮತ್ತೆ ಮತ್ತೆ ಕೇಳಿದ್ದು ಅದನ್ನೇ. ಕನ್ನಡಕ್ಕೆ ಬಂದ ನಾಲ್ಕು ಪ್ರಶಸ್ತಿಗಳಲ್ಲಿ ಹಳ್ಳಿಯ ಜಾಡಿನ ಹಾಡಿಗೆ ಬಂದದ್ದು ಇದೊಂದೇ. ನಾವು ಅದನ್ನು ನಮ್ಮದೆಂದೇ ಹಾಡಿಕೊಂಡೆವು. ಜೊತೆಗೇ ಒಂದು ಪ್ರಶ್ನೆಯನ್ನೂ ಕೇಳಿಕೊಂಡೆವು. ಹಳ್ಳಿಯ ಮಟ್ಟು ದಿಲ್ಲಿಗೆ ಹೋಗಬೇಕಾದರೆ ಆಕಾಶವಾಣಿಯಲ್ಲಿ ಪಳಗಿದ ಒಂದು ಗಂಟಲಿನ ಮೇಲೆ ಏರಿ ಹೋಗಬೇಕಾಯಿತು. ಕುದುರೆ ನಮ್ಮ ಕಾಡಿನದು. ಆದರೆ ಕಾಡಿನವನೇ ಹಾಡಿದ್ದರೆ ದಿಲ್ಲಿಯ ಬಾಗಿಲು ತೆರೆಯುತ್ತಿತ್ತೆ? ಸುಬ್ಬಣ್ಣನವರನ್ನು ಕೇಳುವ ಪ್ರಶ್ನೆ ಇದಲ್ಲ, ಬಾಗಿಲು ಕಾಯುವವರನ್ನು ಕೇಳುವುದು.

ಗಂಟಲಿಗೆ ಬಾಗಿಲು ತೆರೆದು ದೇಹಕ್ಕೆ ಮುಚ್ಚುವುದು ಈ ದೇಶದ ಹಳೆಯ ಚಾಳಿ. ಇದಕ್ಕೆ ಕೇರಳದ ಯೇಸುದಾಸರಿಗಿಂತ ಸಾಕ್ಷಿ ಬೇಕಿಲ್ಲ. ಈ ಪ್ರಶಸ್ತಿಯನ್ನು ಅತಿ ಹೆಚ್ಚು ಸಲ, ಎಂಟು ಸಲ, ಪಡೆದವರು ಅವರು. ಕೊಚ್ಚಿಯ ಬಡ ಕ್ರೈಸ್ತರ ಮಗ. ಅವರ ಮೊದಲ ಪ್ರಶಸ್ತಿ 1972ರ 'ಅಚ್ಛನುಂ ಬಾಪ್ಪಯುಂ' ಸಿನಿಮಾದ್ದು. ಮತಗಳು ಮನುಷ್ಯನ ಕೈಕೆಲಸ ಎಂದು ಸಾರುವ ವಯಲಾರ್ ರಾಮವರ್ಮರ ಹಾಡು ಅದರಲ್ಲಿದೆ. ಹಾಗಾಗಿ ಪ್ರಶಸ್ತಿಯ ಕಿವಿ ಯಾವತ್ತೂ ಕಿವುಡು ಎಂದು ನಾವು ಹೇಳುವುದಿಲ್ಲ. ಆ ಹಾಡು ಹಾಡಿದ ಯೇಸುದಾಸರೇ ಗುರುವಾಯೂರಿನ ಕೃಷ್ಣನ ಮೇಲೆ ಎಷ್ಟೋ ಹಾಡು ಹಾಡಿದರು. ಹಿಂದೂ ಅಲ್ಲದವರಿಗೆ ಪ್ರವೇಶವಿಲ್ಲ ಎಂಬ ನಿಯಮದಿಂದ ಆ ಗುಡಿಯ ಒಳಗೆ ಅವರನ್ನು ಬಿಡಲಿಲ್ಲ. ದನಿ ಒಳಗೆ, ದನಿಯ ಒಡೆಯ ಹೊರಗೆ. ಅದೇ ಗುರುವಾಯೂರಿನ ಮುಂದೆ 1931ರಲ್ಲಿ ಅಸ್ಪೃಶ್ಯರ ಪ್ರವೇಶಕ್ಕಾಗಿ ಸತ್ಯಾಗ್ರಹ ನಡೆದಿತ್ತು. ನಮ್ಮ ಕೊಲ್ಲೂರಿನ ಮೂಕಾಂಬಿಕೆ ಗುಡಿಯಲ್ಲಿ ಮಾತ್ರ ಅವರು ತಮ್ಮ ಹುಟ್ಟುಹಬ್ಬಕ್ಕೆ ಬಂದು ಹಾಡುವುದನ್ನು ವರ್ಷಾನುಗಟ್ಟಲೆ ನಡೆಸಿಕೊಂಡು ಬಂದರು. ಈ ಸಂಗತಿ ಓದಿದಾಗ ನಮ್ಮ ಕೇರಿಯ ತಮಟೆಯ ಹಿರಿಯರೊಬ್ಬರು ಹೇಳಿದ್ದು ಇಷ್ಟೇ: "ಅಂಥೋರ್ಗೇ ಹಂಗಾದ್ರೆ, ನಮ್ದೇನ್ ಬುಡಪ್ಪ."

ಈಗ ರಾಜಕುಮಾರ್. ನಮ್ಮೂರಿಂದ ಗಾಜನೂರು ಬಹಳ ದೂರ ಏನಿಲ್ಲ. ಅವರನ್ನು ನಮ್ಮ ಕಡೆ ಬಹುಕಾಲ ಮುತ್ತುರಾಜ ಎಂದೇ ಕರೆಯುತ್ತಿದ್ದರು. ಈಡಿಗರ ಮನೆಯ ಹುಡುಗ, ನಾಟಕದ ಪುಟ್ಟಸ್ವಾಮಯ್ಯನ ಮಗ, ಪ್ರಾಥಮಿಕ ಶಾಲೆಯನ್ನೂ ಮುಗಿಸದೆ ಗುಬ್ಬಿ ಕಂಪನಿ ಸೇರಿದವರು. ಕಂಪನಿ ನಾಟಕದಲ್ಲಿ ಮೈಕು ಇರಲಿಲ್ಲ. ಹಿಂದಿನ ಸಾಲಿನ ನೆಲದವನಿಗೂ ಕೇಳುವಂತೆ ಹಾಡಬೇಕಿತ್ತು. ಆ ಗಂಟಲು ಆದದ್ದು ಹಾಗೆ. ಸಿನಿಮಾಕ್ಕೆ ಬಂದ ಮೇಲೆ ಬಹಳ ವರ್ಷ ಅವರು ಪಿ. ಬಿ. ಶ್ರೀನಿವಾಸರ ಹಾಡಿಗೆ ತುಟಿ ಆಡಿಸಿದರು. 1974ರಲ್ಲಿ 'ಸಂಪತ್ತಿಗೆ ಸವಾಲ್' ಬಂತು. ಎಮ್ಮೆಯ ಮೇಲೆ ಕೂತು ಅವರೇ ಹಾಡಿದ ಹಾಡು ನಾಡಿನ ತುಂಬ ಹರಡಿತು. ಅಲ್ಲಿಂದಾಚೆಗೆ ತಮ್ಮ ಹಾಡನ್ನು ಅವರೇ ಹಾಡತೊಡಗಿದರು.

ಆ ಎಮ್ಮೆ ಹಾಡು ಬಂದಾಗ ನಾವು ದನ ಕಾಯುತ್ತಿದ್ದೆವು. ಅಲ್ಲಿಯವರೆಗೆ ಸಿನಿಮಾದ ಹಾಡೆಂದರೆ ಹೂವಿನ ತೋಟ, ಬೆಳದಿಂಗಳು, ದೇವರ ಗುಡಿ. ಕರೀ ಎಮ್ಮೆಯ ಬೆನ್ನ ಮೇಲೆ, ಹೊಲದ ಬದುವಿನಲ್ಲಿ, ದನ ಕಾಯುವವನ ಗಂಟಲಿನಲ್ಲಿ ಒಂದು ಹಾಡು ಬರಬಹುದೆಂದು ನಮಗೆ ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಸೀಮೆಯ ಒಂದು ಎಮ್ಮೆಯೂ ಆ ಹಾಡು ಕೇಳದೆ ಮನೆಗೆ ಹೋಗಲಿಲ್ಲ. ಶಾಲೆಯಲ್ಲಿ ಬಾಯಾಡಿಸುತ್ತಿದ್ದ ನಾವು ಬಯಲಿನಲ್ಲಿ ಗಂಟಲು ಹರಿಯುವಂತೆ ಕೂಗಿ ಹಾಡಿದೆವು. "ಅವ್ನ ಗಂಟ್ಲು ನಮ್ದು ಕಣ್ಲಾ" ಎಂದು ದೊಡ್ಡವರು ಅಂದರು. ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವ ಗಾಯಕನಿಗೂ ಬೇಕಾಗಿಲ್ಲ, ಸರಿ. ಆದರೆ ಲೆಕ್ಕ ಲೆಕ್ಕವೇ. 1974ರ ಸಾಲಿನ ರಾಷ್ಟ್ರಪ್ರಶಸ್ತಿ ಹಿಂದಿಯ 'ರಜನೀಗಂಧಾ' ಸಿನಿಮಾಕ್ಕಾಗಿ ಮುಕೇಶ್ ಅವರಿಗೆ ಹೋಯಿತು. ಅದು ಒಳ್ಳೆಯ ಹಾಡೇ. ನಮಗೆ ಮುಕೇಶರ ಮೇಲೆ ಮುನಿಸಿಲ್ಲ. ರಾಜಕುಮಾರರ ಗಂಟಲು ದಿಲ್ಲಿಗೆ ಕೇಳಿಸಲು ಇನ್ನೂ ಹದಿನೆಂಟು ವರ್ಷ ಹಿಡಿಯಿತು.

1992ರಲ್ಲಿ 'ಜೀವನ ಚೈತ್ರ' ಬಂತು. ಇದು ವಿಶಾಲಾಕ್ಷಿ ದಕ್ಷಿಣಾಮೂರ್ತಿ ಅವರ ಕಾದಂಬರಿಯಿಂದ ಬಂದ ಕತೆ. ಹಳ್ಳಿಗಳನ್ನು ನುಂಗುತ್ತಿದ್ದ ಸಾರಾಯಿಯ ವಿರುದ್ಧ ನಿಲ್ಲುವ ನಾಯಕ. ಹೆಂಡ ಇಳಿಸುವ ಕುಲದಲ್ಲಿ ಹುಟ್ಟಿದ ನಟ ಸಾರಾಯಿ ಅಂಗಡಿ ಮುಚ್ಚಿಸುವ ಪಾತ್ರ ಮಾಡಿದರು. ನಮ್ಮ ಕೇರಿಗಳ ಹೆಂಗಸರು ಆ ಸಿನಿಮಾ ನೋಡಿ ಗಂಡಂದಿರನ್ನು ಬೈದು ಎಬ್ಬಿಸಿದ್ದು ನಮಗೆ ನೆನಪಿದೆ. ಪ್ರಶಸ್ತಿ ಬಂದದ್ದು ಮಾತ್ರ ಆ ಸಿನಿಮಾದಲ್ಲಿ ಹಿಮಾಲಯದ ತಪ್ಪಲಲ್ಲಿ ನಾಯಕ ಹಾಡುವ, ತೋಡಿಯಲ್ಲಿ ಶುರುವಾಗಿ ರಾಗದಿಂದ ರಾಗಕ್ಕೆ ಏರುವ ಹಾಡಿಗೆ. ಅದು ಹಾಡುವುದಕ್ಕೆ ಸುಲಭದ್ದಲ್ಲ. ಅರವತ್ತು ದಾಟಿದ ವಯಸ್ಸಿನಲ್ಲಿ, ಪಾಠಶಾಲೆಯ ಸಂಗೀತ ಕಲಿಯದ, ರಂಗದ ಮೇಲೆ ಕೇಳಿ ಕೇಳಿ ಕಲಿತ ಗಂಟಲು ವಿದ್ವಾಂಸರ ಅಂಗಳಕ್ಕೆ ಹೋಗಿ ಗೆದ್ದು ಬಂತು. ಕರ್ನಾಟಕಕ್ಕೆ ಹಬ್ಬವಾಯಿತು, ನಮಗೂ ಆಯಿತು. ಶೂದ್ರನ ಮಗ ರಾಗ ಹಾಡಬಲ್ಲ ಎಂದು ತೋರಿಸಿದ್ದು ಸಣ್ಣ ಗೆಲುವಲ್ಲ. ಅದನ್ನು ನಾವು ಕಡಿಮೆ ಮಾಡಿ ಹೇಳುವುದಿಲ್ಲ.

ಆದರೂ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಅದೇ ಗಂಟಲು ಎಮ್ಮೆಯ ಮೇಲೆ ಕೂತಿದ್ದಾಗ ಯಾರಿಗೂ ಕೇಳಲಿಲ್ಲ. ಹಿಮಾಲಯಕ್ಕೆ ಹೋಗಿ ಕಣ್ಣು ಮುಚ್ಚಿ ಕೂತಾಗ ಕೇಳಿತು. ನಮ್ಮವನು ನಮ್ಮ ಹಾಡು ಹಾಡಿದರೆ ಮನರಂಜನೆ, ಅವರ ಹಾಡು ಹಾಡಿದರೆ ಸಾಧನೆ. ಓದಿದ ನಮ್ಮ ಹುಡುಗರಿಗೂ ಇದೇ ಅಳತೆಗೋಲು ಅಲ್ಲವೆ? ಅವರ ಭಾಷೆ, ಅವರ ಉಚ್ಚಾರ, ಅವರ ನಡೆ ಕಲಿತರೆ 'ಪರವಾಗಿಲ್ಲ, ಹುಡುಗ ಚುರುಕಿದ್ದಾನೆ'. ಕೇರಿಯ ಮಾತಲ್ಲೇ ಅದಕ್ಕಿಂತ ಆಳವಾದ್ದನ್ನು ಹೇಳಿದರೆ 'ಇನ್ನೂ ಸಂಸ್ಕಾರ ಬೇಕು'.

1995ರ ಪಂಚಾಕ್ಷರಿ ಗವಾಯಿಗಳ ಸಿನಿಮಾ ಈ ಮಾತಿಗೆ ಒಂದು ತಿರುವು ಕೊಡುತ್ತದೆ. ಕಣ್ಣಿಲ್ಲದ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕುರುಡ ಮಕ್ಕಳಿಗೆ, ತಬ್ಬಲಿ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದರು. ಜಾತಿ ಕೇಳಿ ಕಲಿಸಲಿಲ್ಲ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 2010ರಲ್ಲಿ ತೀರಿಕೊಳ್ಳುವವರೆಗೆ ಅದನ್ನು ನಡೆಸಿದರು. ಸಂಗೀತವೆಂಬುದು ಒಂದು ಜಾತಿಯ ರಕ್ತದಲ್ಲಿ ಬರುವುದಲ್ಲ, ಕಲಿಸಿದರೆ ಯಾವ ಮಗುವಿಗೂ ಬರುವುದು ಎಂಬುದಕ್ಕೆ ಆ ಆಶ್ರಮವೇ ಸಾಕ್ಷಿ. ಆ ಸಿನಿಮಾಕ್ಕೆ ಹಂಸಲೇಖ ಸಂಗೀತ ಕೊಟ್ಟು ರಾಷ್ಟ್ರಪ್ರಶಸ್ತಿ ಪಡೆದರು, ಹಾಡಿದ ಎಸ್ಪಿಬಿಯವರಿಗೂ ಬಂತು. ನಾಲ್ಕು ಭಾಷೆಗಳಲ್ಲಿ ಆರು ಸಲ ಈ ಪ್ರಶಸ್ತಿ ಪಡೆದ ಎಸ್ಪಿಬಿಯವರೂ ಶಾಸ್ತ್ರೀಯ ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಅವರ ಮೊದಲ ಪ್ರಶಸ್ತಿ 'ಶಂಕರಾಭರಣಂ' ಸಿನಿಮಾದ್ದು. ವಿದ್ವಾಂಸನ ಪಾತ್ರಕ್ಕೆ ಹಾಡಿ, ವಿದ್ವಾಂಸರೇ ತಲೆದೂಗುವಂತೆ ಮಾಡಿದರು. ಹಾಗಾದರೆ 'ಪರಂಪರೆ, ಮನೆತನ, ಶುದ್ಧಿ' ಎಂದು ನಮ್ಮನ್ನು ದೂರ ಇಟ್ಟಿದ್ದು ಯಾಕೆ ಸ್ವಾಮಿ?

ಶುದ್ಧಿಯ ಮಾತು ಬಂದರೆ ಮೃದಂಗದ ಮಾತೂ ಬರಬೇಕು. ದನದ, ಎಮ್ಮೆಯ, ಆಡಿನ ಚರ್ಮ ಇಲ್ಲದೆ ಮೃದಂಗ ಇಲ್ಲ. ಚರ್ಮ ಹದ ಮಾಡಿ ಬಿಗಿದು ಶ್ರುತಿ ಕೂಡಿಸುವವರಲ್ಲಿ ತಲೆತಲಾಂತರದಿಂದ ನಮ್ಮ ಜನ ಇದ್ದಾರೆ. ಗಾಯಕ ಟಿ. ಎಂ. ಕೃಷ್ಣ 2020ರಲ್ಲಿ ಮೃದಂಗ ಮಾಡುವವರ ಬಗ್ಗೆ ಪುಸ್ತಕ ಬರೆದಾಗ, ಬಿಡುಗಡೆಗೆಂದು ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ಹಿಂತೆಗೆದುಕೊಂಡಿತು. ನಾದ ಬೇಕು, ನಾದ ಹುಟ್ಟಿಸಿದ ಕೈಯ ಕತೆ ಬೇಡ. ಇದೇ ಚಾಳಿ ನಮ್ಮ ಸಂತರ ವಿಷಯದಲ್ಲೂ ಇದೆ. ಈಳವರ ಮನೆಯಲ್ಲಿ ಹುಟ್ಟಿ, 1888ರಲ್ಲಿ ಅರುವಿಪ್ಪುರದಲ್ಲಿ ತಾವೇ ಶಿವನನ್ನು ಸ್ಥಾಪಿಸಿದ ನಾರಾಯಣ ಗುರುಗಳ ಸಿನಿಮಾಕ್ಕೆ ಹಾಡಿದ್ದಕ್ಕಾಗಿ 1985ರಲ್ಲಿ ಜಯಚಂದ್ರನ್ ಅವರಿಗೆ, ಜಾತಿಯನ್ನು ಪ್ರಶ್ನಿಸಿದ ಬಂಗಾಳದ ಲಾಲನ್ ಫಕೀರರ ಸಿನಿಮಾಕ್ಕೆ ಹಾಡಿದ್ದಕ್ಕಾಗಿ 1986ರಲ್ಲಿ ಹೇಮಂತ ಕುಮಾರರಿಗೆ ಈ ಪ್ರಶಸ್ತಿ ಬಂತು. ದೊಡ್ಡ ಗಾಯಕರು, ಬರಲಿ. ಆದರೆ ಏಕತಾರಿ ಹಿಡಿದು ಊರೂರು ಅಲೆದು ಲಾಲನ್ ಹಾಡನ್ನು ನೂರು ವರ್ಷ ಬದುಕಿಸಿದ ಬಾವುಲರು ಪದಕದ ಹತ್ತಿರಕ್ಕೂ ಬರಲಿಲ್ಲ.

ಹೀಗೇ ಹೋಗುತ್ತದೆ ಎಂದು ನಾವು ಕೈಬಿಟ್ಟಿದ್ದಾಗ 2016ರ ಸಾಲಿನ ಪಟ್ಟಿ ಬಂತು. ತಮಿಳಿನ 'ಜೋಕರ್' ಸಿನಿಮಾ, ಹಾಡಿದವರು ಸುಂದರಯ್ಯರ್. ಅದುವರೆಗೆ ಸಿನಿಮಾ ಕೇಳುಗರಿಗೆ ಆ ಹೆಸರೇ ಗೊತ್ತಿರಲಿಲ್ಲ. ಕಕ್ಕಸು ಕಟ್ಟಿಸುವ ಸರ್ಕಾರಿ ಯೋಜನೆಯ ದುಡ್ಡು ಮೇಲಿನವರ ಹೊಟ್ಟೆಗೆ ಹೋಗಿ, ಅರ್ಧಂಬರ್ಧ ಕಟ್ಟಿದ ಕಕ್ಕಸು ಕುಸಿದು ಹೆಂಡತಿ ಜೀವಚ್ಛವವಾದ ಮೇಲೆ, 'ನಾನೇ ಈ ದೇಶದ ರಾಷ್ಟ್ರಪತಿ' ಎಂದು ಸಾರಿಕೊಂಡು ಹೋರಾಡುವ ಒಬ್ಬ ಬಡ ಹಳ್ಳಿಗನ ಕತೆ ಅದು. ಅಂಥ ಸಿನಿಮಾದಲ್ಲಿ, ನಯ ಮಾಡದ ಹಳ್ಳಿಯ ಗಂಟಲಿಗೆ ನಿಜವಾದ ರಾಷ್ಟ್ರಪತಿಯ ಹೆಸರಿನ ಗೌರವ ಬಂತು. ನಮಗೆ ಅಂದು ನಗುವೂ ಬಂತು, ಅಳುವೂ ಬಂತು.

ಆಮೇಲೆ 2020ರ ಸಾಲು. ಅದು ಗಾಯಕಿಯರ ಪ್ರಶಸ್ತಿ, ಆದರೂ ಇಲ್ಲಿ ಹೇಳಲೇಬೇಕು. ಕೇರಳದ ಅಟ್ಟಪ್ಪಾಡಿಯ ಇರುಳ ಬುಡಕಟ್ಟಿನ ನಂಜಮ್ಮ, ಆಡು ಮೇಯಿಸಿ ಬದುಕಿದ ಮುದುಕಿ, 'ಅಯ್ಯಪ್ಪನು ಕೋಶಿಯು' ಸಿನಿಮಾಕ್ಕೆ ತಮ್ಮ ಭಾಷೆಯ, ತಾವೇ ಕಟ್ಟಿದ ಹಾಡು ಹಾಡಿದ್ದರು. 2022ರ ಜುಲೈನಲ್ಲಿ ಪ್ರಶಸ್ತಿ ಪ್ರಕಟವಾಯಿತು. ಕೂಡಲೇ ಒಬ್ಬ ಸಂಗೀತಗಾರರು ತಕರಾರು ಎತ್ತಿದರು. ಸಂಗೀತಕ್ಕೇ ಬದುಕು ಸವೆಸಿದವರಿಗೆ ಇದು ಅವಮಾನವಲ್ಲವೆ, ಆಕೆಗೆ ಶ್ರುತಿ ಹಿಡಿದು ಬೇರೆ ಹಾಡು ಹಾಡಲು ಬರುತ್ತದೆಯೆ ಎಂಬ ದಾಟಿಯ ಮಾತು. ಬೇರೆ ಗಾಯಕರು ನಂಜಮ್ಮನ ಪರ ನಿಂತರು. ನಮಗೆ ಆ ತಕರಾರು ಹೊಸದೆನಿಸಲಿಲ್ಲ. ಪ್ರಾರ್ಥನೆಗೆ ಹುಡುಗರನ್ನು ಆರಿಸುತ್ತಿದ್ದ ನಮ್ಮ ಮೇಷ್ಟ್ರ ದನಿ ಅದು. ಬದುಕು ಸವೆಸಿದವರು ಎಂದರೆ ಯಾರು? ಕಾಡಿನಲ್ಲಿ ಅರವತ್ತು ವರ್ಷ ಹಾಡಿಕೊಂಡು ಆಡು ಮೇಯಿಸಿದ್ದು ಸವೆಸಿದ್ದಲ್ಲವೆ? ಆಕೆಗೆ ತೋಡಿ ಬರುವುದಿಲ್ಲ ಎಂಬುದು ನಿಜವಿರಬಹುದು. ತೋಡಿ ಬರುವ ಎಷ್ಟು ಜನಕ್ಕೆ ಆಕೆಯ ಹಾಡು ಬರುತ್ತದೆ?

ಸಂಗಾತಿಗಳೆ, ನಾವು ಶಾಸ್ತ್ರೀಯ ಸಂಗೀತದ ಶತ್ರುಗಳಲ್ಲ. ಅದರ ಬಾಗಿಲೂ ನಮ್ಮ ಮಕ್ಕಳಿಗೆ ತೆರೆಯಬೇಕು. ಗದುಗಿನ ಆಶ್ರಮದಲ್ಲಿ ಸಾಧ್ಯವಾದದ್ದು ಸರ್ಕಾರದ ಸಂಗೀತ ಶಾಲೆಗಳಲ್ಲಿ ಯಾಕೆ ಸಾಧ್ಯವಿಲ್ಲ? ದಲಿತರಿಗೂ ಪ್ರಶಸ್ತಿಯಲ್ಲಿ ಪಾಲು ಕೊಡಿ ಎಂದಷ್ಟೇ ಕೇಳುವುದೂ ನಮ್ಮ ಉದ್ದೇಶವಲ್ಲ. ಪದಕ ಇಂದು ಬರುತ್ತದೆ, ನಾಳೆ ಗೋಡೆಗೆ ಹೋಗುತ್ತದೆ. ನಾವು ಕೇಳುವುದು ಅಳತೆಗೋಲಿನ ಲೆಕ್ಕ. ಉಸಿರು ಹಿಡಿದು ರಾಗ ಬೆಳೆಸುವುದು ಒಂದು ವಿದ್ಯೆ ಆದರೆ, ಮೈಕಿಲ್ಲದ ಬಯಲಿನಲ್ಲಿ ಸಾವಿರ ಜನಕ್ಕೆ ಕೇಳುವಂತೆ ಮೂರು ರಾತ್ರಿ ಮಂಟೇಸ್ವಾಮಿ ಕತೆ ಹಾಡುವುದೂ ವಿದ್ಯೆ. ಸಾವಿರಾರು ಸಾಲು ನೆನಪಿನಲ್ಲಿಟ್ಟು, ಕೂತವರ ಮುಖ ನೋಡಿ ಕತೆಯನ್ನು ಹಿಗ್ಗಿಸಿ ಕುಗ್ಗಿಸುವುದೂ ವಿದ್ಯೆ. ಅದನ್ನು 'ಜಾನಪದ ಸೊಗಡು' ಎಂದು ಒಗ್ಗರಣೆಗೆ ಮಾತ್ರ ಬಳಸುವುದನ್ನು ನಿಲ್ಲಿಸಿ ಎಂದು ಕೇಳುತ್ತಿದ್ದೇವೆ.

ದಿಲ್ಲಿಯ ತೀರ್ಪುಗಾರರಿಗೆ ಈ ಮಾತು ತಲುಪುತ್ತದೆಂಬ ಭ್ರಮೆ ನಮಗಿಲ್ಲ. ಆದರೆ ಈ ಪುಟಗಳನ್ನು ಓದುವ ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ತಲುಪುತ್ತದೆ. ಮೊದಲ ಪ್ರಶಸ್ತಿ ಸಮಿತಿ ಇರುವುದು ನಿಮ್ಮ ಶಾಲೆಯ ಅಂಗಳದಲ್ಲಿ. ಬೆಳಗಿನ ಪ್ರಾರ್ಥನೆಗೆ ಯಾರನ್ನು ಮುಂದೆ ನಿಲ್ಲಿಸುತ್ತೀರಿ, ಯಾರಿಗೆ ಬಾಯಾಡಿಸು ಎನ್ನುತ್ತೀರಿ ಎಂಬುದರಲ್ಲಿ ಒಂದು ಮಗುವಿನ ಗಂಟಲು ಉಳಿಯುತ್ತದೆ, ಇಲ್ಲವೆ ಮುಚ್ಚಿಹೋಗುತ್ತದೆ. ವಾರ್ಷಿಕೋತ್ಸವಕ್ಕೆ ಕ್ಯಾಸೆಟ್ಟಿನ ಕಾಲ ಹೋಗಿ ಮೊಬೈಲಿನ ಕಾಲ ಬಂದಿದೆ. ಮಕ್ಕಳು ಈಗಲೂ ಯಾರದೋ ಹಾಡಿಗೆ ತುಟಿ ಆಡಿಸಿ ಕುಣಿಯುತ್ತಾರೆ. ಒಂದು ವರ್ಷ ಅದನ್ನು ನಿಲ್ಲಿಸಿ, ಕೇರಿಯಿಂದ ಪದ ಬಲ್ಲ ಒಬ್ಬ ಅವ್ವನನ್ನು ವೇದಿಕೆಗೆ ಕರೆಯಿರಿ. ಕುರ್ಚಿ ಹಾಕಿ ಕೂರಿಸಿ.

ವಿದ್ಯಾರ್ಥಿ ಗೆಳೆಯರಿಗೆ ಇನ್ನೊಂದು ಕೆಲಸ. ಜಾನಪದ ಸಂಗ್ರಹದ ಎಷ್ಟೋ ಪುಸ್ತಕಗಳಲ್ಲಿ ಸಂಗ್ರಹಿಸಿದವರ ಹೆಸರು ದಪ್ಪ ಅಕ್ಷರದಲ್ಲಿದೆ, ಹಾಡಿದವರ ಹೆಸರೇ ಇಲ್ಲ. ನಿಮ್ಮೂರಿನಲ್ಲಿ ಹಾಡುವವರು ಯಾರು, ಅವರಿಗೆ ಕಲಿಸಿದವರು ಯಾರು, ಯಾವ ಪದ ಯಾರಿಂದ ಬಂತು ಎಂದು ಹೆಸರು ಹಿಡಿದು ಬರೆದುಕೊಳ್ಳಿ. ಅವರನ್ನು ಕಲಾವಿದರು ಎಂದು ಬರೆಯಿರಿ. ಮಾಸಾಶನದ ಅರ್ಜಿಗೆ ಪುರಾವೆ ಕೇಳುವ ಕಚೇರಿಗಳಲ್ಲಿ ಆ ಕಾಗದವೇ ಮುಂದೆ ಸಾಕ್ಷಿಯಾಗಬಹುದು. ಬರೆಯುವವರು ತಡಮಾಡಬೇಡಿ. ನಮ್ಮ ಸೀಮೆಯಲ್ಲಿ ತಂಬೂರಿ ಹಿಡಿಯುವ ಮುದುಕರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ.